ಎರಡು ನಿಮಿಷ ಹೆಚ್ಚಾದ ಹಾಡುಗಳು

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕ,

ಲಕೋಟೆ ದಪ್ಪಗಿದೆ ಎಂದು ಗಾಬರಿ ಬೀಳಬೇಡ, ಯಾರೂ ಸತ್ತಿಲ್ಲ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನೂ ಭಾವನೂ ಕ್ಷೇಮವೆಂದು ನಂಬಿದ್ದೇನೆ. ಈ ಕಾಗದವನ್ನು ಮೊದಲು ನೀನೊಬ್ಬಳೇ ಓದು. ಭಾವನಿಗೆ ಆಮೇಲೆ ಕೊಡು, ಕೊಡಲೇಬೇಕು ಅನ್ನಿಸಿದರೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಏನಾಗುತ್ತದೆಂದು ನಿನಗೂ ಗೊತ್ತು. ನಾನು ಸುತ್ತಿ ಬಳಸಿ ವಿಷಯಕ್ಕೆ ಬರುವ ಹೊತ್ತಿಗೆ ನೀನು "ಸರಿ ಬಿಡೇ, ಕುಕ್ಕರ್ ಕೂಗ್ತಿದೆ" ಎಂದು ಇಟ್ಟುಬಿಡುತ್ತೀಯ. ಅದಲ್ಲದೆ ನನ್ನ ಬಾಯಿಗೆ ಇಷ್ಟು ವರ್ಷ ಗಿರಾಕಿಗಳನ್ನು ಒಪ್ಪಿಸಿ ಅಭ್ಯಾಸ. ಫೋನಿನಲ್ಲಾದರೆ ನಿನ್ನನ್ನೂ ಒಪ್ಪಿಸಿಬಿಡುತ್ತೇನೆ, ನೀನೇ ನನ್ನನ್ನು ಸಮಾಧಾನ ಮಾಡಿ ಇಡುತ್ತೀಯ. ಕಾಗದದಲ್ಲಿ ಆ ಜಾಣತನ ನಡೆಯುವುದಿಲ್ಲ. ಎರಡನೇ ಸಲ ಓದಿದಾಗ ಸಿಕ್ಕಿಬೀಳುತ್ತೇನೆ.

ವಿಷಯ ನಿನ್ನ ಕ್ಯಾಸೆಟ್ಟಿನದು. ನೀನು ಹಾಡಿದ ಆ ಹತ್ತು ಹಾಡುಗಳದು. ಅದರ ಮಾತೆತ್ತಿದರೆ ನೀನು ಎದ್ದು ಬಟ್ಟೆ ಮಡಿಸಲು ಹೋಗುತ್ತೀಯ, ಅದಕ್ಕೇ ಇಷ್ಟು ವರ್ಷ ನಾನೂ ಎತ್ತಲಿಲ್ಲ. ಅಕ್ಕನಿಗೆ ನೋವಾಗುತ್ತದೆಂದು ತಂಗಿ ಸುಮ್ಮನಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಗೇ ಅಂದುಕೊಳ್ಳಲು ನಾನೂ ಬಹಳ ಪ್ರಯತ್ನಪಟ್ಟೆ.

ಜನವರಿಯಲ್ಲಿ ಅಂಗಡಿಗೆ ಒಬ್ಬರು ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಕತ್ತಿಗೆ ಕನ್ನಡಕ ನೇತುಹಾಕಿಕೊಂಡು, ಮಾತಿಗಿಂತ ಹೆಚ್ಚು ಕಿವಿ ಇರುವವರು. ಹಳೆಯ ಟೇಪುಗಳನ್ನು ಹುಡುಕಿ, ಅದರಲ್ಲಿರುವುದನ್ನು ಹೊಸದಾಗಿ ಇಳಿಸಿಕೊಂಡು ಹೊರತರುವ ಕಂಪನಿಯೊಂದರಲ್ಲಿ ಧ್ವನಿ ಎಂಜಿನಿಯರು. ನಾನು ಎಂಜಿನಿಯರಮ್ಮ ಎಂದೇ ಕರೆಯುತ್ತೇನೆ, ಅವರಿಗೂ ಬೇಜಾರಿಲ್ಲ. ನಮ್ಮ ಅಂಗಡಿಯನ್ನು ನೀನು ಈಗ ನೋಡಬೇಕು. ಮುಂದುಗಡೆ ಫೋನಿನ ಕವರು, ಚಾರ್ಜರು. ಹಿಂದಿನ ಕೋಣೆಯಲ್ಲಿ ಮಾತ್ರ ನನ್ನ ಹಳೆಯ ಕಸುಬು ಉಸಿರಾಡುತ್ತಿದೆ. ಜನ ಕ್ಯಾಸೆಟ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ತರುತ್ತಾರೆ, ನಾನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ಬಂದವರದೆಲ್ಲ ಒಂದೇ ಮಾತು, "ಆ ಕಾಲದ ಸೌಂಡೇ ಬೇರೆ ಬಿಡಿ." ನಾನು ತಲೆಯಾಡಿಸುತ್ತೇನೆ. ಆ ಕಾಲದ ಸೌಂಡಿನಲ್ಲಿ ಏನಿತ್ತೆಂದು ನನಗೆ ಗೊತ್ತು. ಅರ್ಧ ಟೇಪು ಉಜ್ಜುವ ಸದ್ದು, ಕಾಲು ಭಾಗ ಮೋಟಾರಿನ ನಡುಕ, ಉಳಿದದ್ದು ಅವರ ವಯಸ್ಸು.

ಎಂಜಿನಿಯರಮ್ಮ ಕೇಳಿದ್ದು ಕ್ಯಾಸೆಟ್ಟನ್ನಲ್ಲ, ಅದಕ್ಕೂ ಮೊದಲಿನದನ್ನು. ನಾವು ಧ್ವನಿಮುದ್ರಣ ಮಾಡಿದ ದೊಡ್ಡ ಟೇಪಿನ ಸುರುಳಿ, ಸ್ಪೂಲು. ಅದು ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಇಲ್ಲ ಅನ್ನಬಹುದಿತ್ತು. ಹತ್ತು ವರ್ಷದ ಹಿಂದೆ ಇನ್ನೊಬ್ಬರು ಕೇಳಿದಾಗ ಇಲ್ಲ ಅಂದಿದ್ದೆ ಕೂಡ. ಈ ಸಲ ಏಣಿ ಹತ್ತಿ ಇಳಿಸಿಕೊಟ್ಟೆ. ಯಾಕೆಂದು ಕೇಳಬೇಡ. ಮಂಡಿ ನೋಯುತ್ತಿತ್ತು, ಏಣಿ ಹಿಡಿದುಕೊಳ್ಳಲು ಅವರು ಇದ್ದರು.

ಡಬ್ಬಿ ತೆಗೆದು ನೋಡಿದರೆ ಟೇಪು ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಂಡಿತ್ತು. "ಇದನ್ನ ಬೇಯಿಸ್ಬೇಕಮ್ಮ" ಅಂದರು. "ಉಪ್ಪು ಖಾರ ಎಷ್ಟು ಹಾಕ್ಲಿ?" ಅಂದೆ. ತಮಾಷೆಯಲ್ಲವಂತೆ. ಹಳೆಯ ಟೇಪು ಹೀಗಾದಾಗ ಸಣ್ಣ ಬಿಸಿಯಲ್ಲಿ ಎಂಟು ಗಂಟೆ ಇಟ್ಟರೆ ತೇವ ಆರಿ, ಸ್ವಲ್ಪ ದಿನಗಳ ಮಟ್ಟಿಗೆ ಮತ್ತೆ ಓಡುತ್ತದಂತೆ. ಅಷ್ಟರೊಳಗೆ ಅದರಲ್ಲಿರುವುದನ್ನು ಇಳಿಸಿಕೊಂಡುಬಿಡಬೇಕು. ಒಂದು ವಾರ ಬಿಟ್ಟು ನನ್ನನ್ನು ಅವರ ಕೋಣೆಗೆ ಕರೆದರು. ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ದಪ್ಪ ಜಮಖಾನ, ಮಾತಾಡಿದರೆ ಮಾತು ಬಾಯಿಯ ಮುಂದೆಯೇ ಬಿದ್ದುಹೋಗುವಂಥ ಕೋಣೆ. ಒಂದು ಕಡೆ ನಿನ್ನ ಕ್ಯಾಸೆಟ್ಟು, ಇನ್ನೊಂದು ಕಡೆ ಸ್ಪೂಲಿನಿಂದ ಇಳಿಸಿಕೊಂಡದ್ದು. ಒಂದೇ ಹಾಡನ್ನು ಎರಡರಲ್ಲೂ ಹಾಕಿದರು.

ಕ್ಯಾಸೆಟ್ಟಿನಲ್ಲಿ ಹಾಡಿದವಳು ಹದಿನಾರರ ಹುಡುಗಿ. ಸ್ಪೂಲಿನಲ್ಲಿ ಹಾಡಿದವಳು ಮೂವತ್ತನಾಲ್ಕರ ನೀನು.

ಎಂಜಿನಿಯರಮ್ಮ ಎರಡನ್ನೂ ನಿಲ್ಲಿಸಿ, "ಅಮ್ಮಾ, ನಿಮ್ಮ ಕ್ಯಾಸೆಟ್ ಓಡ್ತಿಲ್ಲ, ಓಡಿಹೋಗ್ತಿದೆ" ಅಂದರು.

"ಬೆಲ್ಟ್ ಸಡಿಲ ಆಗಿರ್ಬೇಕು" ಅಂದೆ.

"ಬೆಲ್ಟ್ ಸಡಿಲ ಆದ್ರೆ ನಿಧಾನ ಆಗುತ್ತೆ, ಜೋರಾಗಲ್ಲ. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು."

ನನ್ನ ಬಾಯಿ ಮುಚ್ಚಿಸಿದವರು ಈ ಭೂಮಿಯ ಮೇಲೆ ಕಡಿಮೆ. ಅವರು ಕಂಪ್ಯೂಟರಿನ ಪರದೆಯಲ್ಲಿ ಒಂದು ಗೆರೆ ತೋರಿಸಿದರು. ನಾವು ಹಾಡು ಹಿಡಿದ ದಿನ ಕೋಣೆಯ ಟ್ಯೂಬ್‌ಲೈಟು ಉರಿಯುತ್ತಿತ್ತಲ್ಲ, ಆ ಕರೆಂಟಿನ ಗುಂಯ್ ಎನ್ನುವ ಸಣ್ಣ ಸದ್ದು ನಿನ್ನ ಹಾಡಿನ ಕೆಳಗೆ ಉದ್ದಕ್ಕೂ ಕೂತಿದೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಅದು ಎಲ್ಲ ಮನೆಗೂ ಒಂದೇ. ಸ್ಪೂಲಿನಲ್ಲಿ ಐವತ್ತೇ ಇದೆ. ಕ್ಯಾಸೆಟ್ಟಿನಲ್ಲಿ ಐವತ್ತಮೂರು. ಮೂವತ್ತೆರಡು ವರ್ಷ ಯಾರ ಕಿವಿಗೂ ಬೀಳದ ಸದ್ದು ಸಾಕ್ಷಿ ಹೇಳಿತು. ಹಾಡಿದವಳು ಕೇಳಲಿಲ್ಲ, ಕೊಂಡವರು ಕೇಳಲಿಲ್ಲ, ಟ್ಯೂಬ್‌ಲೈಟು ಬಿಡಲಿಲ್ಲ.

"ನಿಮ್ಮ ಅಕ್ಕನಿಗೆ ಗೊತ್ತಾ?" ಎಂದು ಕೇಳಿದರು. ಇಲ್ಲ ಅಂದೆ. "ನೀವು ಹೇಳ್ತೀರಾ, ನಾನು ಹೇಳ್ಲಾ?" ಅಂದರು. ಅದಕ್ಕೇ ಈ ಕಾಗದ.

ಆ ದಿನ ನೆನಪಿದೆಯಾ ನಿನಗೆ? ವಾರದ ರಜೆ, ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು, ಮಧ್ಯಾಹ್ನ. ಗೋಡೆಗೆ ಕಂಬಳಿ ಹೊಡೆದಿದ್ದೆವು, ಬಾಗಿಲಿಗೆ ಹಾಸಿಗೆ ಒರಗಿಸಿದ್ದೆವು. ಫ್ಯಾನಿನ ಸದ್ದು ಬರುತ್ತದೆಂದು ಫ್ಯಾನು ಬಂದ್. ಹಾರ್ಮೋನಿಯಂ ಮೇಷ್ಟ್ರು ಬನಿಯನ್ನಿನಲ್ಲಿ ಕೂತು "ಹಾಡೋದಕ್ಕಿಂತ ಬೇಯೋದೇ ಜಾಸ್ತಿ ಆಯ್ತಲ್ಲಮ್ಮ" ಎಂದು ಬೆವರು ಒರೆಸಿಕೊಳ್ಳುತ್ತಿದ್ದರು. ನೀನು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಒಂದೊಂದು ಹಾಡನ್ನೂ ಒಂದೇ ಉಸಿರಿಗೆ ಎನ್ನುವ ಹಾಗೆ ಮುಗಿಸಿದೆ. ಎರಡನೇ ಸಲ ಹಾಡಿಸಿದ್ದು ಒಂದನ್ನು ಮಾತ್ರ, ಅದೂ ನಾನು ಸೀನಿದ್ದಕ್ಕೆ.

ಆಮೇಲೆ ನಾನು ಗಡಿಯಾರ ಹಿಡಿದು ಕೂತೆ. ಐದು ಹಾಡಿಗೆ ಒಂದು ಬದಿ. ಒಂದೊಂದು ಬದಿಗೂ ಮೂವತ್ತೆರಡು ನಿಮಿಷ ಬಂತು. ನಮ್ಮ ಹತ್ತಿರ ಇದ್ದದ್ದು ಅರವತ್ತರ ಕ್ಯಾಸೆಟ್ಟು, ಬದಿಗೆ ಮೂವತ್ತು, ತುಂಬಾ ಎಳೆದರೆ ಇನ್ನೊಂದು ಅರ್ಧ ನಿಮಿಷ. ಒಂದೊಂದು ಹಾಡು ಬಿಡೋಣ ಅಂದೆ. ನೀನು, "ಏ ಚಿಲ್ಲರೆ, ಒಂದು ಹಾಡೂ ಬಿಡಲ್ಲ. ಬಿಡೋದಾದ್ರೆ ಹತ್ತೂ ಬಿಡು" ಅಂದೆ. ಚಿಕ್ಕವಳಿದ್ದಾಗ ಸದಾ ಮುಷ್ಟಿಯಲ್ಲಿ ಕಾಸು ಹಿಡಿದಿರುತ್ತಿದ್ದೆನೆಂದು ನೀನಿಟ್ಟ ಹೆಸರು. ಆವತ್ತು ಅದು ಚುಚ್ಚಿತು. ಇವಳಿಗೆ ನಾನು ಇವಳ ಹಾಡನ್ನೂ ಚಿಲ್ಲರೆಯ ಹಾಗೆ ಎಣಿಸುತ್ತೇನೆಂದು ಅನ್ನಿಸುತ್ತದೆ ಅಂದುಕೊಂಡೆ. ಎಣಿಸುತ್ತಿದ್ದೆ ನಿಜ. ಯಾರಾದರೂ ಒಬ್ಬರು ಎಣಿಸಬೇಕಲ್ಲ.

ತೊಂಬತ್ತರ ಕ್ಯಾಸೆಟ್ಟು ಸಿಗುತ್ತಿತ್ತು. ಅದರಲ್ಲಿ ಹಾಕಿದ್ದರೆ ಬದಿಗೆ ಹದಿಮೂರು ನಿಮಿಷ ಖಾಲಿ ಉಳಿಯುತ್ತಿತ್ತು, ಕೊಂಡವರು "ಇದೇನು ಅರ್ಧ ತುಂಬಿದ ಕೊಡ" ಎಂದು ವಾಪಸು ತರುತ್ತಿದ್ದರು. ಸ್ಪೂಲಿನ ಯಂತ್ರದ ಬೆನ್ನಿಗೆ ಒಂದು ಸಣ್ಣ ತಿರುಪು ಇತ್ತು, ವೇಗ ಸರಿಮಾಡುವುದಕ್ಕೆ. ಕ್ಯಾಸೆಟ್ಟಿಗೆ ಇಳಿಸುವಾಗ ಅದನ್ನು ಒಂದಿಷ್ಟು ತಿರುಗಿಸಿದೆ. ಮೂವತ್ತೆರಡು ನಿಮಿಷ ಮೂವತ್ತಕ್ಕೆ ಇಳಿಯಿತು, ಮೇಲೆ ಹನ್ನೊಂದು ಸೆಕೆಂಡು. ಆವತ್ತು ನನಗಾದ ಖುಷಿ, ನೆಂಟರು ಹೆಚ್ಚಾದಾಗ ಹಾಲಿಗೆ ನೀರು ಬೆರೆಸಿ ಎಲ್ಲರಿಗೂ ಬಡಿಸಿ ಮುಗಿಸಿದವಳ ಖುಷಿ. ಬೇರೆ ಅಂಗಡಿಯವರೂ ಮಾಡುತ್ತಿದ್ದರು, ಎಲ್ಲರೂ ಒಂದೆರಡು ಕೂದಲೆಳೆಯಷ್ಟು. ನಾನು ಸ್ವಲ್ಪ ಹೆಚ್ಚೇ ತಿರುಗಿಸಿದೆ. ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ. ನನ್ನದು ಅಂಗಡಿಯ ಕಿವಿ, ಸದ್ದು ಬರುತ್ತಿದೆಯೋ ಇಲ್ಲವೋ ಅಷ್ಟೇ ಅದರ ಲೆಕ್ಕ.

ಟೇಪು ಜೋರಾಗಿ ಓಡಿದರೆ ಹಾಡು ಬೇಗ ಮುಗಿಯುವುದು ಮಾತ್ರವಲ್ಲ, ದನಿಯೂ ಏರುತ್ತದೆ. ನೀನು ಐದು ಮನೆ ಶ್ರುತಿಯಲ್ಲಿ ಹಾಡಿದ್ದೆ. ಕ್ಯಾಸೆಟ್ಟಿನಲ್ಲಿ ಅದು ಐದೂವರೆ ಆಯಿತು. ಹಾರ್ಮೋನಿಯಂನಲ್ಲಿ ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ, ಅಷ್ಟೇ ದೂರ. ದನಿ ಸಣ್ಣಗಾಯಿತು, ಎಳೆಯದಾಯಿತು, ಹೊಳಪು ಬಂತು. ಜನ ಮುಗಿಬಿದ್ದರು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಹೊಲಿಗೆ ಅಂಗಡಿಯಲ್ಲಿ, ಎಲ್ಲಿ ಹೋದರೂ ನೀನೇ. ನಮ್ಮ ಅಂಗಡಿ ನಿಂತದ್ದು ಆ ಕ್ಯಾಸೆಟ್ಟಿನ ಮೇಲೆ.

ನೀನು ಅದನ್ನು ಸರಿಯಾಗಿ ಕೇಳಿದ್ದು ಒಂದೇ ಸಲ. ನಮ್ಮ ಕಟ್ಟೆಯ ಮೇಲೆ ಕೂತು, ಮೊದಲ ಹಾಡು ಅರ್ಧ ಆಗುವಷ್ಟರಲ್ಲಿ ಮುಖ ಕಿವುಚಿದೆ. "ಇದು ನಂದೇನಾ? ಕೀಚಲು ಕೀಚಲು ಕೇಳ್ಸುತ್ತಲ್ಲೇ."

ನಾನು ಅಂದೆ, "ಟೇಪಲ್ಲಿ ಎಲ್ರಿಗೂ ಅವರವರ ದನಿ ಹಾಗೇ ಕೇಳ್ಸೋದು ಅಕ್ಕ. ನಂದು ಕೇಳಿದ್ರೆ ನಾನೇ ಓಡಿಹೋಗ್ತೀನಿ."

ಅದು ನಿಜವಾದ ಮಾತು. ಯಾರಿಗೂ ತಮ್ಮ ದನಿ ಟೇಪಿನಲ್ಲಿ ತಮ್ಮದೆನಿಸುವುದಿಲ್ಲ. ಸುಳ್ಳಿಗೆ ಸುಳ್ಳು ಹೇಳಿದ್ದರೆ ಎಂದಾದರೂ ಸಿಕ್ಕಿಬೀಳುತ್ತಿದ್ದೆ. ನಾನು ನಿಜವನ್ನೇ ಸುಳ್ಳಿನ ಕೆಲಸಕ್ಕೆ ಇಟ್ಟುಕೊಂಡೆ, ಅದು ನಿಯತ್ತಾಗಿ ದುಡಿಯಿತು. ನೀನು ಮತ್ತೆ ಕೇಳಲಿಲ್ಲ. ಮನೆಮನೆಯ ಟೇಪ್ ರೆಕಾರ್ಡರಿಗೂ ಒಂದೊಂದು ವೇಗ ಇದ್ದ ಕಾಲ, ಬೇರೆ ಯಾರೂ ಅನುಮಾನಪಡಲಿಲ್ಲ.

ಆಮೇಲೆ ಸಭಾಂಗಣಗಳಿಂದ ಕರೆ ಬಂತು. ಕಷ್ಟ ಶುರುವಾದದ್ದು ಅಲ್ಲಿ. ಹಾರ್ಮೋನಿಯಂ ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ಹೊಸ ಪಕ್ಕವಾದ್ಯದವರು ಕ್ಯಾಸೆಟ್ಟು ಕೇಳಿ ಅಭ್ಯಾಸ ಮಾಡಿಕೊಂಡು ಬಂದರು, ಐದೂವರೆಗೇ ಶ್ರುತಿ ಕೊಟ್ಟರು. "ನಾನು ಹಾಡಿದ್ದು ಐದಕ್ಕಲ್ವೇನೇ?" ಎಂದು ನೀನು ನನ್ನನ್ನು ಕೇಳಿದೆ. ಬಾಗಿಲ ಹತ್ತಿರ, ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕೂದಲು ಹಿಡಿದುಕೊಂಡು.

ಈಗ ಬರೆಯುವುದನ್ನು ಬರೆಯಲು ಎರಡು ಕಾಗದ ಹರಿದೆ.

ನಾನು ಅಂದೆ, "ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆನೇ ಅರ್ಧ ಮನೆ ಏರಿತ್ತಂತೆ ಅಕ್ಕ. ಹಳೇದಲ್ವಾ. ನೀನು ಐದು ಅಂದ್ಕೊಂಡು ಐದೂವರೆಗೇ ಹಾಡಿದ್ದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆ ಸತ್ತುಹೋಗಿದ್ದರಿಂದ ತಿರುಗಿ ಹಾಯಲಿಲ್ಲ. ನಿನ್ನ ಮುಖದಲ್ಲಿ ಒಂದು ಚೂರು ಹೆಮ್ಮೆ ಬಂತು, ಅದು ನನಗೆ ಈಗಲೂ ಕಾಣುತ್ತದೆ. "ಹೌದಾ? ಗೊತ್ತೇ ಆಗ್ಲಿಲ್ವಲ್ಲ. ಹಾಗಾದ್ರೆ ಇನ್ನೊಂದ್ಸಲ ಯಾಕಾಗಲ್ಲ?" ಅಂದೆ.

ಹಾಗೆಯೇ ನಾಲ್ಕು ವರ್ಷ ಹಾಡಿದೆ ನೀನು. ನಿನ್ನ ಗಂಟಲಿಗೆ ಅಲ್ಲದ ಶ್ರುತಿಯಲ್ಲಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಹೆಬ್ಬೆರಳ ತುದಿಯ ಮೇಲೆ ನಿಂತವಳ ಹಾಗೆ. ಒಂದು ಸಲ ಧೈರ್ಯ ಮಾಡಿ ಐದಕ್ಕೆ ಇಳಿಸಿದೆ, ಪತ್ರಿಕೆಯವನು 'ದನಿ ಇಳಿಮುಖ' ಎಂದು ಬರೆದ. ಮತ್ತೆ ಏರಿಸಿದೆ. ಕಡೆಯ ಕಾರ್ಯಕ್ರಮದಲ್ಲಿ ಏಳನೇ ಹಾಡಿನ ಮೇಲಿನ ಸ್ವರದಲ್ಲಿ ನಿನ್ನ ದನಿ ಒಡೆಯಿತು. ಮೂರನೇ ಸಾಲಿನಿಂದ ಯಾರೋ "ಕ್ಯಾಸೆಟ್ಟಲ್ಲಿ ಹಿಂಗಿಲ್ವಲ್ರೀ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಪಾಪ, ಆಶ್ಚರ್ಯಕ್ಕೆ ಅಂದದ್ದು. ನೀನು ಹಾಡು ಮುಗಿಸಿ, ಕೈಮುಗಿದು, ಒಳಗೆ ಬಂದು ಕುರ್ಚಿಯ ಮೇಲೆ ಕೂತೆ. ನಾನು ಬಿಸಿನೀರಿನ ಫ್ಲಾಸ್ಕು ಹಿಡಿದು ನಿಂತಿದ್ದೆ.

"ಆ ಕ್ಯಾಸೆಟ್ಟಿನವಳು ಎಲ್ಲಿಗೆ ಹೋದ್ಳೇ?" ಎಂದು ನೀನು ಕೇಳಿದೆ.

ಹೇಳಬಹುದಿತ್ತು. ಅವಳು ಎಲ್ಲೂ ಹೋಗಿಲ್ಲ ಅಕ್ಕ, ಅವಳು ಇರಲೇ ಇಲ್ಲ, ಅವಳನ್ನು ನಾನು ತಿರುಪಿನಲ್ಲಿ ಮಾಡಿದೆ ಎಂದು. ಬದಲಿಗೆ ಲೋಟಕ್ಕೆ ನೀರು ಬಗ್ಗಿಸಿ, "ನಾಲ್ಕು ದಿನ ಮಾತಾಡ್ಬೇಡ, ಸರಿಹೋಗುತ್ತೆ" ಅಂದೆ. ಡಾಕ್ಟರು ಗಂಟಲಲ್ಲಿ ಗಂಟಾಗಿದೆ ಅಂದರು. ಗಂಟು ಆರು ತಿಂಗಳಲ್ಲಿ ಕರಗಿತು. ನೀನು ಮಾತ್ರ ಮತ್ತೆ ಹಾಡಲಿಲ್ಲ.

ನಿಜ ಹೇಳಲು ನನಗೆ ಅವಕಾಶವೇ ಸಿಗಲಿಲ್ಲ ಎಂದು ಬರೆದರೆ ನೀನು ನಂಬಿಯೇಬಿಡುತ್ತೀಯ, ಅದಕ್ಕೇ ಎಣಿಸಿ ಹೇಳುತ್ತೇನೆ. ಸಿ.ಡಿ. ಬಂದಾಗ ಒಂದು ಅವಕಾಶ. ಸ್ಪೂಲು ಕೊಡಿ, ಚೆನ್ನಾಗಿ ಬರುತ್ತದೆ ಅಂದರು. ಹಾಳಾಗಿದೆ ಎಂದು ಕ್ಯಾಸೆಟ್ಟನ್ನೇ ಕೊಟ್ಟೆ. ಅವರು ಅದರ ಸೊರಸೊರ ಸದ್ದನ್ನೆಲ್ಲ ಫಿನಾಯಿಲ್ ಹಾಕಿ ತೊಳೆದ ಹಾಗೆ ತೊಳೆದರು. ಸದ್ದು ಹೋಯಿತು, ಅದರ ಜೊತೆಗೆ ಮೇಷ್ಟ್ರ ಬೆರಳು ಮನೆ ಬಿಟ್ಟೇಳುವ ಟಕ್ ಎನ್ನುವುದೂ ಹೋಯಿತು, ವೇಗ ಮಾತ್ರ ಹಾಗೇ ಉಳಿಯಿತು. ಆಮೇಲೆ ಎಂ.ಪಿ.ತ್ರೀ ಬಂತು, ಒಂದೇ ತಟ್ಟೆಯಲ್ಲಿ ನೂರೈವತ್ತು ಹಾಡು. ಕಿವಿಗೆ ಮುಖ್ಯವಲ್ಲದ್ದನ್ನು ಕಳೆದು ಹಾಡನ್ನು ಸಣ್ಣದು ಮಾಡುತ್ತಾರೆಂದು ಕೇಳಿ ನನಗೆ ನಗು ಬಂತು. ಆ ವಿದ್ಯೆ ನಾನು ಎಂದೋ ಕಲಿತಿದ್ದೆ. ಆಗಲೂ ಸುಮ್ಮನಿದ್ದೆ. ಆಮೇಲೆ ಫೋನು ಬಂತು. ಯಾರೋ ಪುಣ್ಯಾತ್ಮ ಕ್ಯಾಸೆಟ್ಟಿನಿಂದಲೇ ಹತ್ತೂ ಹಾಡು ಏರಿಸಿದ, ನಾಲ್ಕು ಲಕ್ಷ ಸಲ ಕೇಳಿದ್ದಾರೆ. ಕೆಳಗೆ ಒಬ್ಬ ಬರೆದಿದ್ದಾನೆ, 'ಇಂಥ ಕಂಠ ದೇವರು ಒಬ್ಬರಿಗೇ ಕೊಡೋದು' ಎಂದು. ನಾನು ಅದನ್ನು ಓದಿ ಫೋನು ಮಗುಚಿಟ್ಟೆ.

ಹೋದ ವರ್ಷ ನಿನ್ನ ಮನೆಗೆ ಬಂದಿದ್ದೆನಲ್ಲ. ನೀನು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದೆ, ಬರೀ ತಟ್ಟುತ್ತಿದ್ದೆ. ಅವಳು ನಿದ್ದೆ ಮಾಡಲಿಲ್ಲ. ನೀನು ಫೋನು ತೆಗೆದು ಯಾರದೋ ಲಾಲಿ ಹಾಕಿದೆ. ಅಂಗೈಯಗಲದ ಫೋನಿನಿಂದ ಯಾವಳೋ ಹಾಡಿದಳು, ನನ್ನ ಅಕ್ಕ ಬಾಯಿ ಮುಚ್ಚಿಕೊಂಡು ತಾಳ ಹಾಕಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಎರಡು ನಿಮಿಷಕ್ಕೆ ಹೋದದ್ದಕ್ಕೆ ಏನು ಕೊಟ್ಟರೆ ಬರುತ್ತದೋ ನನಗೆ ಗೊತ್ತಿಲ್ಲ.

ನಿನಗೆ ಬರೆಯುವ ಮೊದಲು ಒಂದು ಕೆಲಸ ಮುಗಿಸಿದೆ. ಹೋದ ವಾರ ಮೇಷ್ಟ್ರ ಮನೆಗೆ ಹೋಗಿದ್ದೆ, ಎಂಜಿನಿಯರಮ್ಮನೂ ಬಂದಿದ್ದರು. ಸೊಸೆ ಇದ್ದಾಳೆ, ನಿನ್ನ ವಯಸ್ಸಿನವಳು, ಮಾತು ಹರಿತ. ಪೆಟ್ಟಿಗೆ ಬೀರುವಿನ ಮೇಲೆ ಹಳೆಯ ಸೀರೆ ಹೊದ್ದು ಕೂತಿತ್ತು. ಇಳಿಸಿದೆವು. ಎಂಜಿನಿಯರಮ್ಮ ಐದನೇ ಮನೆ ಒತ್ತಿ ಫೋನಿನಲ್ಲಿ ಅಳೆದರು. ಇಷ್ಟು ವರ್ಷಕ್ಕೆ ಒಂದು ಕೂದಲೆಳೆಯಷ್ಟು ಇಳಿದಿತ್ತು. ಏರಿರಲಿಲ್ಲ.

"ಯಾಕೆ ಅಳೀತೀರಿ?" ಎಂದು ಸೊಸೆ ಕೇಳಿದಳು.

"ಈ ಪೆಟ್ಟಿಗೆ ಶ್ರುತಿ ಸರಿ ಇರ್ಲಿಲ್ಲ ಅಂತ ಒಂದು ಮಾತು ಬಂದಿತ್ತು" ಅಂದೆ.

"ಮಾವನ ಪೆಟ್ಟಿಗೆನಾ? ಊಟ ಬಿಟ್ರೂ ಶ್ರುತಿ ಮಾಡೋದು ಬಿಡ್ತಿರ್ಲಿಲ್ಲ ಅವರು. ಹಾಗಂದವಳು ಯಾವಳು? ಕರ್ಕೊಂಡು ಬನ್ನಿ ಇಲ್ಲಿಗೆ."

"ಬಂದಿದ್ದಾಳೆ. ನಿಮ್ಮೆದುರಿಗೇ ಕೂತಿದ್ದಾಳೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಚಹಾ ತಂದಳು, ಎಂಜಿನಿಯರಮ್ಮನಿಗೆ ಸಕ್ಕರೆ ಹಾಕಿ, ನನಗೆ ಹಾಕದೆ. "ನಮ್ಮ ಮಾವನಿಗೆ ಕೇಳ್ಸಲ್ಲ, ಆದ್ರೂ ಪೆಟ್ಟಿಗೆ ಮುಂದೆ ಒಂದ್ಸಲ ಹೇಳ್ಬಿಡಿ" ಅಂದಳು. ಹೇಳಿದೆ ಅಕ್ಕ. ಅರವತ್ತಮೂರನೇ ವಯಸ್ಸಿನಲ್ಲಿ ಒಂದು ಹಾರ್ಮೋನಿಯಂ ಮುಂದೆ ಕೂತು ತಪ್ಪಾಯಿತು ಎಂದೆ. ಅಲ್ಲಿ ನಾಲಿಗೆ ತಿರುಗಿದ್ದರಿಂದಲೇ ಇಲ್ಲಿ ಕೈ ತಿರುಗುತ್ತಿದೆ.

ಈಗ ನಿನ್ನ ಕೆಲಸ. ಲಕೋಟೆಯಲ್ಲಿ ಒಂದು ಫಾರಂ ಇದೆ. ಕಂಪನಿಯವರು ನಿನ್ನ ಹಾಡುಗಳನ್ನು ಮತ್ತೆ ಹೊರತರುತ್ತಾರೆ, ಫಾರಮ್ಮಿನಲ್ಲಿ ಎರಡು ಚೌಕ. ಮೇಲಿನದಕ್ಕೆ ಗುರುತು ಹಾಕಿದರೆ ಕ್ಯಾಸೆಟ್ಟಿನ ವೇಗ, ಕೆಳಗಿನದಕ್ಕೆ ಹಾಕಿದರೆ ನೀನು ಹಾಡಿದ ವೇಗ. ಕಂಪನಿಯವರಿಗೆ ಮೇಲಿನದೇ ಬೇಕು, ಜನಕ್ಕೆ ಗೊತ್ತಿರುವುದು ಅದೇ ಅನ್ನುತ್ತಾರೆ. ವ್ಯಾಪಾರದ ಮಾತು, ನನಗೆ ಅರ್ಥವಾಗದ್ದೇನಲ್ಲ. ಎಂಜಿನಿಯರಮ್ಮ ಪಟ್ಟು ಹಿಡಿದು ಕೆಳಗಿನ ಚೌಕ ಹಾಕಿಸಿದ್ದಾರೆ. ಈ ತಿಂಗಳ ಕೊನೆಯೊಳಗೆ ಸಹಿ ಹೋಗದಿದ್ದರೆ ಕ್ಯಾಸೆಟ್ಟಿನ ವೇಗವೇ ಖಾಯಂ. ಈ ಸಲದ ಸೌಂಡು ಎಷ್ಟು ಶುದ್ಧ ಎಂದರೆ ನೀನು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ತಪ್ಪು ವೇಗದ ಉಸಿರು ಅಷ್ಟು ಸ್ವಚ್ಛವಾಗಿ ಕೇಳುವುದು ನನಗೆ ಬೇಡ. ಆದರೆ ಬೇಕು ಬೇಡ ಅನ್ನುವ ಸರದಿ ನನ್ನದು ಮುಗಿಯಿತು.

ಕೆಳಗಿನದಕ್ಕೆ ಗುರುತು ಹಾಕಿದರೆ ಕೆಲವರು 'ಇದು ಅವರ ದನಿಯಲ್ಲ' ಅನ್ನುತ್ತಾರೆ, ಅದಕ್ಕೂ ಸಿದ್ಧವಾಗಿರು. ಯಾಕೆ ಹೀಗಾಯಿತೆಂದು ನನ್ನ ಹೆಸರು ಹಾಕಿ ನಾಲ್ಕು ಸಾಲು ಅಚ್ಚು ಮಾಡಲು ಹೇಳಿದ್ದೇನೆ. ಮೇಷ್ಟ್ರ ಹೆಸರೂ ಇರುತ್ತದೆ, ಅವರ ಪೆಟ್ಟಿಗೆ ಸರಿಯಿತ್ತು ಎನ್ನುವುದೂ.

ಒಂದು ಪೆನ್‌ಡ್ರೈವೂ ಇಟ್ಟಿದ್ದೇನೆ. ಅದರಲ್ಲಿ ಏಳನೇ ಹಾಡು ಎರಡು ಸಲ ಇದೆ, ಮೊದಲು ನನ್ನದು, ಆಮೇಲೆ ನಿನ್ನದು. ಎರಡನೆಯದನ್ನು ಹಾಕಿಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ, ಜೊತೆಗೆ ಗುನುಗಿ ನೋಡು. ಅರವತ್ತಾರರ ಗಂಟಲಿಗೆ ಆ ಮೇಲಿನ ಸ್ವರ ನಿಲುಕದೆಯೂ ಇರಬಹುದು. ನಿಲುಕದಿದ್ದರೆ ಅದು ವಯಸ್ಸು, ಎಲ್ಲರಿಗೂ ಬರುವಂಥದು. ಮೂವತ್ತೆಂಟರಲ್ಲಿ ನಿಲುಕದೇ ಹೋದದ್ದು ನಿನ್ನ ತಪ್ಪಾಗಿರಲಿಲ್ಲ. ನೀನು ಒಂದು ದಿನವೂ ಶ್ರುತಿ ತಪ್ಪಿದವಳಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ದಾಕ್ಷಿಣ್ಯಕ್ಕೆ ಕ್ಷಮಿಸಿಬಿಡುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ಬೈಯಬೇಕು ಅನ್ನಿಸಿದರೆ ಬಂದು ಬೈ. ಅಂಗಡಿ ಒಂಬತ್ತಕ್ಕೆ ತೆಗೆಯುತ್ತೇನೆ.

ಇತಿ,
ನೀನು ಚಿಲ್ಲರೆ ಎಂದು ಕರೆಯುವ
ನಿನ್ನ ತಂಗಿ

ಮತ್ತೊಂದು ಮಾತು: ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದುಹಾಕೋಣ ಅಂದುಕೊಂಡೆ, ಹೊಡೆದದ್ದರ ಕೆಳಗೂ ನೀನು ಓದುತ್ತೀಯ. ತಿರುಪು ತಿರುಗಿಸಿದ ದಿನವೇ, ಮಾರಾಟಕ್ಕೆ ಒಂದು ಪ್ರತಿಯೂ ಹೋಗುವ ಮೊದಲು, ತಿರುಪನ್ನು ಹಿಂದಕ್ಕೆ ತಂದು ಒಂದು ತೊಂಬತ್ತರ ಕ್ಯಾಸೆಟ್ಟಿಗೆ ಹತ್ತೂ ಹಾಡು ಸರಿಯಾದ ವೇಗದಲ್ಲಿ ಇಳಿಸಿಕೊಂಡೆ. ನನಗೊಬ್ಬಳಿಗೆ. ಬೆಳಿಗ್ಗೆ ಅಂಗಡಿ ಗುಡಿಸುವಾಗ, ಬಾಗಿಲು ತೆಗೆಯುವ ಮೊದಲು ಹಾಕಿಕೊಳ್ಳುತ್ತಿದ್ದೆ. ನೀನು ಹಾಡುವುದು ನಿಲ್ಲಿಸಿದ ಮೇಲೂ ಬಿಡಲಿಲ್ಲ. ಹದಿನೆಂಟು ವರ್ಷಕ್ಕೆ ಅದು ಸವೆದು, ಕಡೆಗೆ ತುಂಡಾಯಿತು. ಮೊನ್ನೆ ಎಂಜಿನಿಯರಮ್ಮ ತಮ್ಮ ಕೋಣೆಯಲ್ಲಿ ನಿನ್ನ ನಿಜವಾದ ದನಿ ಹಾಕಿದಾಗ, ನಾನು ಪಕ್ಕದಲ್ಲಿ ಕೂತು ಮೊದಲ ಸಲ ಕೇಳುವವಳ ಹಾಗೆ ಮುಖ ಮಾಡಿಕೊಂಡಿದ್ದೆ.